ಮೂಡಲಗಿ ಅತ್ತಿಯೂ ಹೊಟ್ಟೆಯೊಳಗಿನ ಕಲ್ಲೂ

ಯಾವ ಗುಣ ಯಾರಲ್ಲಿ ಇಲ್ಲವೋ ಅದನ್ನು ಕಲಿಸುವ ಕೆಲಸ ಅವರ ಪಾಲಿಗೇ ಬರುತ್ತದೆ ಎಂಬುದು ನನ್ನ ಬಹಳ ದಿನದ ಗುಮಾನಿ. ನಮ್ಮ ಶಾಲೆಯಲ್ಲಿ ಸಮಯಪಾಲನೆಯ ಮೇಲೆ ಭಾಷಣ ಮಾಡುವವರು ದಿನಾಲು ಬಸ್ಸು ತಪ್ಪಿಸಿಕೊಳ್ಳುವ ಗಣಿತದ ಮಾಸ್ತರರು. ಸ್ವಚ್ಛತೆಯ ಬಗ್ಗೆ ಮಾತಾಡುವವರು ಮಾತಾಡುವ ಮೊದಲು ಕಿಟಕಿಯಾಚೆ ಬಾಯಿ ಖಾಲಿ ಮಾಡಿಕೊಂಡು ಬರಬೇಕಾಗುತ್ತದೆ. ಹೀಗಿರುವಾಗ ಪುಟ್ಟ ಮಕ್ಕಳಿಗೆ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳುವುದನ್ನೂ ತಮ್ಮ ಭಾವನೆಗಳನ್ನು ಗುರುತಿಸುವುದನ್ನೂ ಕಲಿಸಬೇಕು, ಅದಕ್ಕೊಬ್ಬರು ತರಬೇತಿಗೆ ಹೋಗಬೇಕು ಎಂದು ಆದೇಶ ಬಂದಾಗ ಅದು ನನ್ನನ್ನು ಬಿಟ್ಟು ಬೇರೆ ಯಾರ ತಲೆಗೆ ಬೀಳಬೇಕು? ಕೊಣ್ಣೂರಿನಲ್ಲಿ ನಾನು ಎರಡನೆಯ ತರಗತಿಯ ಹಾಜರಿ ಕೂಗಿದರೆ ಶಾಲೆಯ ಹಿಂದಿನ ಹಿತ್ತಲಲ್ಲಿ ಮಲಗಿದ ಎಮ್ಮೆ ಎದ್ದು ನಿಲ್ಲುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ಎಮ್ಮೆಯ ಮಾಲೀಕರೇ ಬಂದು ಹೇಳಿದ್ದು. ಹೆಸರು ಆರಿಸುವ ಹೊತ್ತಿಗೆ ನಾನು ಬಿಸಿಯೂಟದ ಅಡುಗೆಯವರೊಂದಿಗೆ ಬೇಳೆ ಬೇಯಲಿಲ್ಲವೆಂದು ಜಗಳ ಮಾಡಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಸಭೆ ಸರ್ವಾನುಮತದಿಂದ ಮುಗಿದಿತ್ತು.

ತರಬೇತಿ ಗೋಕಾಕದಲ್ಲಿ. ಕಲಿಸಲು ಬಂದಿದ್ದವಳು ಧಾರವಾಡದ ಕಡೆಯ ಒಬ್ಬ ಎಳೆಯ ಹುಡುಗಿ. ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಹಿಂದಿನ ಸಾಲಿನಲ್ಲಿ ಕೂತ ನಾವು ಮುಂದಿನ ಸಾಲಿನವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದೆವು. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿರಿ ಎಂದಳು. ನಾನು ಗಮನಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಉಸಿರನ್ನು ಇಡೀ ಸಭೆ ಗಮನಿಸತೊಡಗಿತಂತೆ, ಗೊರಕೆ ಅಷ್ಟು ಜೋರಾಗಿತ್ತು. ಆಮೇಲೆ ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟು, ಇದನ್ನು ನೋಡಿ, ಮೂಸಿ, ನಾಲಿಗೆಯ ಮೇಲೆ ಇಟ್ಟು, ಬಹಳ ಹೊತ್ತು ತೆಗೆದುಕೊಂಡು ತಿನ್ನಬೇಕು, ಮನಸ್ಸು ಬೇರೆಲ್ಲಿಗೂ ಹೋಗಬಾರದು ಎಂದಳು. ಹುಕ್ಕೇರಿ ಕಡೆಯ ಹಿರಿಯ ಮಾಸ್ತರರೊಬ್ಬರು ಅವಳ ಮಾತು ಮುಗಿಯುವ ಮೊದಲೇ ನುಂಗಿ ಕೈ ಒರೆಸಿಕೊಂಡಿದ್ದರು. "ಬಾಯಾರ, ಬೀಗರ ಮನಿಯಾಗೂ ನಮಗ ತಿನ್ನಾಕ ಕೊಟ್ಟು ಇಷ್ಟ ಸಣ್ಣ ಪಾಹುಣಚಾರ ಮಾಡಿಲ್ಲ ನೋಡ್ರಿ. ಇನ್ನೊಂದ ಹಿಡಿ ಕೊಡ್ರಿ, ಆಮ್ಯಾಲ ಮನಸ ತಾನ ನಿಲ್ಲತೈತಿ" ಎಂದರು. ಪಾಪ, ಹುಡುಗಿ ನಕ್ಕಳು. ಮಕ್ಕಳಿಗೂ ಹೀಗೇ ಮಾಡಿಸಿರಿ, ಅವರ ಊರಿನ ತಿನಿಸನ್ನೇ ಬಳಸಿದರೆ ಇನ್ನೂ ಒಳ್ಳೆಯದು ಎಂದಳು. ನಾನು ಅದನ್ನು ಮನಸ್ಸಿನಲ್ಲಿ ಬರೆದುಕೊಂಡೆ.

ಗೋಕಾಕಕ್ಕೆ ಹೋಗಿ ಬರುವವರು ಊರಿನ ತಿನಿಸು ಎಂದರೆ ಬೇರೇನು ತರುತ್ತಾರೆ? ಬಸ್ ಸ್ಟ್ಯಾಂಡಿನ ಹತ್ತಿರ ಕರದಂಟು ಕಟ್ಟಿಸಿಕೊಂಡು ಬಂದೆ. ಮರುದಿನ ಮಕ್ಕಳನ್ನು ದುಂಡಗೆ ಕೂಡಿಸಿ ಒಂದೊಂದು ತುಣುಕು ಕೈಗಿಟ್ಟು, ಆ ಹುಡುಗಿಯ ದನಿಯಲ್ಲೇ, ನೋಡಿ, ಮೂಸಿ, ನಿಧಾನವಾಗಿ ಬಾಯಿಗಿಡಿ ಎಂದೆ. ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲವನ್ನೂ ಅಂಟು ಹಾಕಿ ಬಿಗಿದ ಆ ಪದಾರ್ಥಕ್ಕೂ ಒಣದ್ರಾಕ್ಷಿಗೂ ಎಷ್ಟು ಅಂತರ ಎಂಬುದು ನನಗೆ ಹೊಳೆದಿರಲಿಲ್ಲ. ತರಗತಿ ಒಮ್ಮೆಲೇ ಸ್ತಬ್ಧವಾಯಿತು. ನನ್ನ ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ಎರಡನೆಯ ತರಗತಿ ಅಷ್ಟು ಶಾಂತವಾಗಿದ್ದನ್ನು ನಾನು ಕಂಡಿಲ್ಲ. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ಕಣ್ಣರಳಿಸಿ ಹೋದರು. ಎಲ್ಲರ ದವಡೆಗಳೂ ಅಂಟಿಕೊಂಡಿವೆ, ಮಕ್ಕಳು ಬಾಯಿ ತೆರೆಯಲಾರದೆ ಕೂತಿದ್ದಾರೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು. ಅಷ್ಟರಲ್ಲಿ ಗೌರಿ ಎಂಬ ಹುಡುಗಿ "ಅಕ್ಕೋರ!" ಎಂದು ಕಿರುಚಿದಳು. ಕೈಯಲ್ಲಿ ಕರದಂಟು, ಕರದಂಟಿನಲ್ಲಿ ನೆಟ್ಟಗೆ ನಿಂತ ಅವಳ ಮುಂದಿನ ಹಾಲುಹಲ್ಲು.

ನಾನು ಒದರಬೇಕೆಂದು ಬಾಯಿ ತೆರೆದೆ. ಆದರೂ ತರಬೇತಿ ಪಡೆದವಳಲ್ಲವೇ, ಮೆಲ್ಲಗೆ, "ಗೌರಿ, ಈಗ ನಿನ್ನ ಮನಸ್ಸಿಗೆ ಹೆಂಗ ಅನ್ನಸಾಕತ್ತೈತಿ ಹೇಳವ್ವಾ" ಎಂದೆ. "ಭಾಳ ಖುಷಿರಿ ಅಕ್ಕೋರ! ಇನ್ನೊಂದ ಹಲ್ಲೂ ಅಳ್ಳಾಡಾಕತ್ತೈತಿ, ಇನ್ನೊಂದ ತುಣಕ ಕೊಡ್ರಿ" ಎಂದಳು. ಕ್ಷಣದಲ್ಲಿ ಹಲ್ಲು ಅಳ್ಳಾಡುವವರೆಲ್ಲ ಕೈ ಎತ್ತಿದರು, ಅಳ್ಳಾಡದವರು ಕೈ ಹಾಕಿ ಅಳ್ಳಾಡಿಸತೊಡಗಿದರು. ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯಬೇಕಲ್ಲ, ಇಲ್ಲದಿದ್ದರೆ ಹೊಸ ಹಲ್ಲು ಬರುವುದಿಲ್ಲವಲ್ಲ, ಹಾಗಾಗಿ ಇಡೀ ತರಗತಿ ಆ ಎಮ್ಮೆಯ ಹಿತ್ತಲಿಗೆ ಓಡಿತು. ಗೌರಿಯ ಗುರಿ ತಪ್ಪಿ ಸೆಗಣಿಯ ಉಂಡೆ ಹಂಚಿಗೆ ಬೀಳದೆ ಹೆಡ್ ಮಾಸ್ತರರ ಕಿಟಕಿಗೆ ಬಿತ್ತು. ಆ ಕೋಣೆಯಿಂದ ಹೊರಟ ಭಾವನೆಯನ್ನು ಗುರುತಿಸಲು ಮಕ್ಕಳಿಗೆ ಯಾವ ಕಷ್ಟವೂ ಆಗಲಿಲ್ಲ.

ಕಷ್ಟ ಆಗಿದ್ದು ಮಕ್ಕಳ ಸ್ವಂತ ಭಾವನೆಗಳ ವಿಷಯದಲ್ಲಿ. ನಮ್ಮ ಕಡೆ ಯಾರನ್ನು ಹೇಗಿದ್ದೀರಿ ಎಂದು ಕೇಳಿದರೂ ಒಂದೇ ಉತ್ತರ: "ಆರಾಮ್ರಿ." ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಮಲಗಿದವರೂ ಆರಾಮ ಇರುತ್ತಾರೆ, ಹೆಂಡತಿ ಮುನಿಸಿಕೊಂಡು ತವರಿಗೆ ಹೋದವರೂ ಆರಾಮ ಇರುತ್ತಾರೆ. ಮಕ್ಕಳೂ ಅದೇ ನೀರು ಕುಡಿದವರು. ಬೆಳಿಗ್ಗೆ ಒಬ್ಬೊಬ್ಬರನ್ನೂ ಕೇಳಿದರೆ ಸಾಲಾಗಿ ಆರಾಮ, ಆರಾಮ, ಆರಾಮ. ಮೂಲೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದವನೂ ಕಣ್ಣು ಒರೆಸಿಕೊಂಡು, "ಆರಾಮ ಅದೇನ್ರಿ" ಎಂದ. ಆಗ ನನಗೆ ತರಬೇತಿಯ ಇನ್ನೊಂದು ಉಪಾಯ ನೆನಪಾಯಿತು. ಭಾವನೆಯ ಹೆಸರು ಕೇಳಬೇಡಿ, ಅದು ಮೈಯಲ್ಲಿ ಎಲ್ಲಿದೆ ಎಂದು ಕೇಳಿರಿ. ಕೇಳಿದೆ ನೋಡಿ, ಕಟ್ಟೆ ಒಡೆಯಿತು. ಸಿಟ್ಟು ಮೂಗಿನಲ್ಲಿದೆ, ಹೆದರಿಕೆ ಮೊಣಕಾಲಲ್ಲಿದೆ, ನಾಚಿಕೆ ಕಿವಿಯಲ್ಲಿದೆ. ಒಬ್ಬಳಿಗೆ ಗಣಿತದ ಮೇಲಿನ ಬೇಸರ ಕಿರುಬೆರಳಲ್ಲಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಹಿಗ್ಗಿನಲ್ಲಿ ಮನೆಗೆಲಸ ಕೊಟ್ಟೆ: ಇವತ್ತು ಮನೆಯಲ್ಲಿ ಎಲ್ಲರನ್ನೂ ಹೀಗೆ ಕೇಳಿಕೊಂಡು ಬನ್ನಿ.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಗೌರಿಯ ಅಜ್ಜಿ ನೀಲವ್ವ ಬಂದು ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಏನ್ರಿ ಅಕ್ಕೋರ, ನಮ್ಮ ಮನಿ ಒಡದ ಹಾಕ್ಲಿ ಅಂತ ಸರಕಾರದವರು ಪಗಾರ ಕೊಡತಾರೇನ್ರಿ ನಿಮಗ?" ಎಂದರು. ಅವರು ಹೇಳಿದ ಕಥೆ ಇಷ್ಟು. ಗೌರಿಯ ತಾಯಿ ಸುಜಾತಾ ಬಾಣಂತಿ. ಬರುವ ರವಿವಾರ ಕೂಸಿನ ತೊಟ್ಟಿಲ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅದರ ಸೋದರತ್ತೆ, ಅಂದರೆ ನೀಲವ್ವನ ಮಗಳು ಕಸ್ತೂರಿ, ಮೂಡಲಗಿಗೆ ಕೊಟ್ಟಿದ್ದಾರೆ. ನನ್ನ ಮನೆಗೆಲಸದ ಪ್ರಕಾರ ಗೌರಿ ಸಂಜೆ ತಾಯಿಯನ್ನು ಕೇಳಿದ್ದಾಳೆ. ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದ ಸುಜಾತಾ ಮೈಮರೆತು, "ನಿಮ್ಮತ್ತಿ ಬರ್ತಾಳ ಅಂದ್ರ ಸಾಕವ್ವಾ, ಹೊಟ್ಟಿಯಾಗ ಕಲ್ಲ ಇಟ್ಟಂಗ ಆಗತೈತಿ" ಎಂದಿದ್ದಾಳೆ. ಅದೇ ಹೊತ್ತಿಗೆ ಕಾರ್ಯದ ತಯಾರಿಗೆಂದು ಕಸ್ತೂರಿ ಚೀಲ ಹಿಡಿದು ಹೊಸ್ತಿಲು ದಾಟಿದ್ದಾಳೆ. ಗೌರಿ ಓಡಿಹೋಗಿ ತಾಯಿಯ ಹೊಟ್ಟೆ ಮುಟ್ಟಿ ನೋಡಿ, ಎಲ್ಲರಿಗೂ ಕೇಳುವಂತೆ, "ಅವ್ವಾ, ಅತ್ತಿ ಬಂದ್ಲು. ಕಲ್ಲ ಬಂತೇನ?" ಎಂದು ಕೇಳಿದ್ದಾಳೆ.

ಕಸ್ತೂರಿ ನೀರೂ ಕುಡಿಯದೆ ಅದೇ ಚೀಲ ಹಿಡಿದು ಮೂಡಲಗಿಗೆ ತಿರುಗಿ ಹೋದಳಂತೆ. ತಮ್ಮ ಫೋನು ಮಾಡಿದರೆ ಎತ್ತುತ್ತಿಲ್ಲ, ತಾಯಿ ಮಾಡಿದರೆ ಎತ್ತಿ "ಆರಾಮ ಅದೇನಿ" ಎಂದಷ್ಟೇ ಹೇಳಿ ಇಡುತ್ತಿದ್ದಾಳೆ. "ಸೋದರತ್ತಿ ಇಲ್ಲದ ತೊಟ್ಟಲಾ ಆಗೂದ ಹೆಂಗ್ರಿ? ಇರಾಕಿ ಒಬ್ಬಾಕಿ ಮಗಳು. ಊರ ಮಂದಿ ಎದುರಿಗೆ ನಾ ಯಾವ ಮಾರಿ ತೋರ್ಸಲಿ? ನೀವ ಕಲಿಸಿದ್ದು, ನೀವ ಕರಕೊಂಡ ಬರ್ರಿ" ಎಂದರು ನೀಲವ್ವ. ಬೈಯುತ್ತಿದ್ದವರು ಕೊನೆಗೆ ಸೊಂಟದ ಸೆರಗು ಬಿಚ್ಚಿ ನನ್ನ ಕೈ ಹಿಡಿದುಕೊಂಡರು. ಒಂದು ಮನೆಯ ಹೆಣ್ಣುಮಗಳು ತವರಿನ ಹೊಸ್ತಿಲು ತುಳಿಯದಂತಾಗುವುದು ಸಣ್ಣ ಮಾತಲ್ಲ. ಅದಕ್ಕೆ ಕಾರಣ ನಾನು ಕೊಟ್ಟ ಮನೆಗೆಲಸ. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಗೌರಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಉಸಿರನ್ನು ಗಮನಿಸುತ್ತ ಮನಸ್ಸನ್ನು ಹದಕ್ಕೆ ತಂದುಕೊಳ್ಳಬೇಕೆಂದು ನಿಶ್ಚಯಿಸಿದ್ದೆ. ಗೋಕಾಕದಲ್ಲಿ ಬಸ್ಸು ಬದಲಿಸುವವರೆಗೆ ಸಾಧ್ಯವಾಯಿತು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ಹತ್ತಿದ ಮೇಲೆ, ಉಸಿರನ್ನು ಗಮನಿಸಬೇಕಾದರೆ ಮೊದಲು ಉಸಿರಾಡಲು ಜಾಗ ಬೇಕು ಎಂಬ ಸತ್ಯ ತಿಳಿಯಿತು. ಯಾರದೋ ಸಸಿಯ ಕುಂಡ ನನ್ನ ತೊಡೆಯ ಮೇಲಿತ್ತು, ಯಾರದೋ ಮೊಣಕೈ ನನ್ನ ಕಿವಿಯಲ್ಲಿತ್ತು. "ಒಳಗ ಸರೀರಿ, ಒಳಗ ಸರೀರಿ" ಎಂದು ಕಂಡಕ್ಟರು ಒದರುತ್ತಿದ್ದರು. ಗೌರಿ ಹಲ್ಲಿಲ್ಲದ ಬಾಯಿ ತೆರೆದು ಅವರಿಗೆ, "ನಿಮ್ಮ ಸಿಟ್ಟು ಮೈಯಾಗ ಎಲ್ಲೈತ್ರಿ?" ಎಂದು ಕೇಳಿದಳು. ಅವರು ಒಂದು ಗಳಿಗೆ ಯೋಚಿಸಿ, "ಕಾಲಾಗ ಐತವ್ವಾ, ಮುಂಜಾನಿಂದ ನಿಂತೇನಿ" ಎಂದರು. ಕೂಡಲೇ ಒಬ್ಬ ಹುಡುಗ ಎದ್ದು ಅವರಿಗೆ ತನ್ನ ಸೀಟು ಕೊಟ್ಟ. ನಮ್ಮ ಪಾಠಕ್ಕೆ ಆ ವಾರ ಸಿಕ್ಕ ಮೊದಲ ಯಶಸ್ಸು ಅದು.

ಕಸ್ತೂರಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ನೋಡಿ ಎದ್ದು, ಚಾಪೆ ಹಾಸಿ, ಚಹಾ ಮಾಡಿ ಕೊಟ್ಟು, ಮತ್ತೆ ನಮಗೆ ಬೆನ್ನು ಮಾಡಿ ಪಾತ್ರೆಗೆ ಕೂತಳು. ನಾನು ತರಬೇತಿಯ ದನಿಯಲ್ಲಿ ಸಿಟ್ಟು ಎಂದರೆ ಮೋಡವಿದ್ದಂತೆ, ಬರುತ್ತದೆ, ಹೋಗುತ್ತದೆ ಎಂದು ಶುರು ಮಾಡಿದೆ. "ನನಗ ಸಿಟ್ಟ ಬಂದೇ ಇಲ್ರಿ" ಎಂದು ಅವಳು ಒದರಿದ ರಭಸಕ್ಕೆ ಕೈಯಲ್ಲಿದ್ದ ತಂಬಿಗೆ ಜಾರಿ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಗೌರಿ ತಂಬಿಗೆ ಎತ್ತಿ ತಂದು ಅತ್ತೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಸಿಟ್ಟಲ್ಲಂದ್ರ ಬ್ಯಾಡ ಅತ್ತಿ. ಏನೋ ಒಂದ ಐತೆಲ್ಲ, ಅದು ಎಲ್ಲೈತಿ?" ಎಂದಳು. ಕಸ್ತೂರಿ ತಂಬಿಗೆ ಇಸಿದುಕೊಂಡು ಕೆಳಗಿಟ್ಟಳು. ಆಮೇಲೆ ಬೂದಿ ಹತ್ತಿದ ಕೈಯನ್ನು ಗಂಟಲಿಗೆ ಮುಟ್ಟಿಸಿಕೊಂಡಳು. "ಇಲ್ಲೈತಿ ನೋಡವ್ವಾ" ಎಂದಳು.

ಗಂಟಲಿನಲ್ಲಿ ಇದ್ದದ್ದು ಕಲ್ಲಿನ ಮಾತೇ ಅಲ್ಲ. ಕೂಸಿಗೆ ಯಾವ ಹೆಸರು ಎಂದು ತಮ್ಮನಾಗಲಿ ಅವನ ಹೆಂಡತಿಯಾಗಲಿ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ 'ಕ್ರಿವಾಂಶ್' ಎಂದು ಗೊತ್ತು ಮಾಡಿ, ಇದನ್ನು ಬಾಯಿಪಾಠ ಮಾಡಿಕೊಂಡು ಬಾ ಎಂದು ಸಂದೇಶ ಕಳಿಸಿದ್ದರು. "ಕಿವಿಯಾಗ ಊದಾಕ ನಾ ಬೇಕ್ರಿ ಅಕ್ಕೋರ, ಹೆಸರ ಆರಸಾಕ ನಾ ಬ್ಯಾಡ. ನಮ್ಮಪ್ಪ ತೀರಿಕೊಂಡ ಮ್ಯಾಲ ಮನಿಯಾಗ ಹುಟ್ಟಿದ ಮೊದಲನೆ ಗಂಡಮಗು. ಸಂಗಪ್ಪ ಅಂತ ಅಪ್ಪನ ಹೆಸರ ಇಡತಾರ ಅಂತ ಆಸೆ ಇತ್ತು. ಯಾರ ಮುಂದ ಹೇಳ್ಲಿ?" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಇಲ್ಲಿ ನನ್ನ ತರಬೇತಿ ಮುಗಿಯಿತು, ಓದುಗರೇ. ಇಷ್ಟು ದಿನ ಅದುಮಿಟ್ಟಿದ್ದ ನನ್ನ ಸ್ವಭಾವ ಎದ್ದು ನಿಂತಿತು. ಸುಜಾತಾಳಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಹಾಜರಿಯ ದನಿಯಲ್ಲಿ ಶುರು ಮಾಡಿದೆ. "ಏನವ್ವಾ ಸುಜಾತಾ, ನಾಳೆ ನಿನ್ನ ಮಗ ಯಾರ ಸಾಲಿಗೆ ಬರ್ತಾನ? ನನ್ನ ಸಾಲಿಗೆ. ದಿನಾಲು ಹೆಸರ ಕೂಗಾಕಿ ಯಾರು? ನಾನು. ಆ ಹೆಸರ ಕೂಗಿದ್ರ ನನ್ನ ನಾಲಿಗಿ ಮುರೀತೈತಿ. ಕಟ್ಟಿ ಮ್ಯಾಲ ನಿಂತು ಅದನ್ನ ಒದರಾಕ ಬರ್ತೈತೇನ? ಸಂಗಪ್ಪಾ ಅಂತ ಕೂಗಿದ್ರ ಹುಡುಗ ಗಿಡದಿಂದ ಇಳದ ಬರ್ತಾನ!" ಮೂಡಲಗಿಯ ಅಕ್ಕಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಕಸ್ತೂರಿಯ ಕಣ್ಣೀರು ಅಲ್ಲಿಗೇ ನಿಂತಿತು. ತನ್ನ ಪರವಾಗಿ ಇಷ್ಟು ಜೋರಾಗಿ ಸಿಟ್ಟು ಮಾಡುವವರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲವೆಂದು ತೋರುತ್ತದೆ, ನನ್ನನ್ನು ಭಕ್ತಿಯಿಂದ ನೋಡತೊಡಗಿದಳು.

ಆ ಕಡೆ ಸುಜಾತಾಳ ಕಟ್ಟೆಯೂ ಒಡೆಯಿತು. "ಅಕ್ಕೋರ, ನಂದೂ ಒಂದ ಕೇಳ್ರಿ ಮತ್ತ. ಕಸ್ತೂರಿ ಅಕ್ಕಾರ ಬಂದಾಗೊಮ್ಮಿ ನಾ ತಿಕ್ಕಿಟ್ಟ ಭಾಂಡೆ ತಗದು ಮತ್ತ ತಿಕ್ಕತಾರ್ರಿ. ಬಂದ ಮಂದಿ ಎದುರಿಗೆ! ನಾ ತಿಕ್ಕಿದ್ದು ಸ್ವಚ್ಛ ಆಗಿರೂದಿಲ್ಲೇನ್ರಿ? ಅದಕ್ಕ ಕಲ್ಲ ಇಟ್ಟಂಗ ಆಗತೈತಿ" ಎಂದಳು. ಕಸ್ತೂರಿ ತನ್ನ ಕೈಯಲ್ಲಿದ್ದ ಪಾತ್ರೆ ನೋಡಿಕೊಂಡಳು. ಅವಳ ಸುತ್ತ ಬೆಳ್ಳಗೆ ಹೊಳೆಯುವ ಪಾತ್ರೆಗಳ ರಾಶಿಯೇ ಇತ್ತು. "ಅಯ್ಯ ಸುಜಾತಾ, ನಿನ್ನ ಭಾಂಡೆ ಹೊಲಸ ಅಂತಲ್ಲವಾ. ತವರಮನಿಗೆ ಬಂದ್ರ ನನಗ ಏನ ಮಾಡ್ಬೇಕು ತಿಳೀವಲ್ದು. ಸುಮ್ನ ಕುಂತ್ರ ಪರಕೀ ಮಂದಿಯಂಗ ಅನಸ್ತೈತಿ, ಅದಕ್ಕ ತಿಕ್ಕತೇನಿ" ಎಂದಳು. ಆ ಕಡೆ ಅಳುವ ಕೂಸನ್ನು ರಮಿಸುವುದು ಕೇಳಿಸಿತು. ಆಮೇಲೆ ಸುಜಾತಾ, "ಸಂಗಮೇಶ ಅಂತ ಇಡೂಣ್ರಿ ಅಕ್ಕಾರ. ಮಾವನವರ ಹೆಸರೂ ಆತು, ಅಕ್ಕೋರಿಗೆ ಕೂಗಾಕೂ ಬರ್ತೈತಿ. ಈಗ ಹೊಂಡ್ರಿ, ಗುಗ್ಗರಿ ಕಾಳ ನೆನಿ ಇಡಾಕ ನೀವ ಬೇಕು" ಎಂದಳು. ಕಸ್ತೂರಿ ಚೀಲ ಬಿಚ್ಚಿಯೇ ಇರಲಿಲ್ಲ, ಬಾಗಿಲ ಹಿಂದೆ ಹಾಗೇ ಇತ್ತು.

ರವಿವಾರದ ತೊಟ್ಟಿಲ ಕಾರ್ಯಕ್ಕೆ ನನಗೆ ಮುಂದಿನ ಸಾಲಿನಲ್ಲೇ ಜಾಗ. ನಮ್ಮ ಕಡೆ ಒಂದು ಪದ್ಧತಿಯಿದೆ: ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವಾಗ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದಿನ ಸದ್ದು ಜೋರಾದಷ್ಟೂ ಕೂಸಿಗೆ ಶ್ರೇಯಸ್ಸು ಎಂದು ನಂಬಿಕೆ. ಕಸ್ತೂರಿ ಬಗ್ಗಿ "ಸಂಗಮೇಶ" ಎಂದದ್ದೇ ತಡ, ಓರಗೆಯವರೆಲ್ಲ ಮೆತ್ತಗೆ ಗುದ್ದಿದರು. ಸುಜಾತಾ ಮಾತ್ರ ಬಾಣಂತಿ ಎಂಬುದನ್ನೂ ಮರೆತು, ಬಳೆ ಹಿಂದೆ ಸರಿಸಿಕೊಂಡು, ಢಮಾರ್ ಎಂದು ಒಂದು ಗುದ್ದು ಕೊಟ್ಟಳು ನೋಡಿ, ಕೂಸು ಬೆಚ್ಚಿ ಅಳತೊಡಗಿತು. ಗೌರಿ ಕುಣಿಯುತ್ತ, "ಅವ್ವಾ, ಕಲ್ಲ ಹೊಟ್ಟಿಯಿಂದ ಕೈಗಿ ಬಂತ ನೋಡ!" ಎಂದಳು. ಹೆಂಗಸರೆಲ್ಲ ಕಸ್ತೂರಿಯ ಮುಖ ನೋಡಿದರು. ಆಮೇಲೆ ಮೊದಲು ನಕ್ಕವಳು ಕಸ್ತೂರಿಯೇ. "ಇನ್ನೊಂದ ಹಾಕವಾ, ಪೂರ್ತಿ ಹೋಗ್ಲಿ" ಎಂದು ಬೆನ್ನು ಬಗ್ಗಿಸಿದಳು. ಸುಜಾತಾ ನಗುತ್ತ ನಗುತ್ತ ಅತ್ತಳು, ಕಸ್ತೂರಿ ಅವಳ ಕಣ್ಣು ಒರೆಸಿದಳು, ನೀಲವ್ವ ಗುಗ್ಗರಿಯ ಬುಟ್ಟಿ ಹಿಡಿದು ನನ್ನ ಉಡಿ ತುಂಬಿದರು. ಉಸಿರು ಗಮನಿಸುವುದು, ಒಣದ್ರಾಕ್ಷಿ ಚೀಪುವುದು ಎಲ್ಲ ಸರಿಯೇ. ಆದರೆ ನಮ್ಮ ಹಿರಿಯ ಹೆಂಗಸರು ಇದಕ್ಕೊಂದು ವ್ಯವಸ್ಥೆ ಮಾಡಿಯೇ ಇಟ್ಟಿದ್ದರು, ಅದಕ್ಕೆ ತರಬೇತಿಯೂ ಬೇಕಿರಲಿಲ್ಲ ಎಂದು ನನಗೆ ಅಂದು ಹೊಳೆಯಿತು.

ಇದೆಲ್ಲ ಮುಗಿಸಿ ಹಗುರಾಗಿ ಮನೆಗೆ ಬಂದು ಗುಗ್ಗರಿ ಮೆಲ್ಲುತ್ತ ಕೂತಿದ್ದೆ. ಹುಕ್ಕೇರಿಯಿಂದ ನನ್ನ ನಾದಿನಿಯ ಫೋನು ಬಂತು. ನನ್ನ ಯಜಮಾನರ ಅಕ್ಕ. ಬಂದಾಗೆಲ್ಲ ನನ್ನ ಸಾರಿಗೆ ನೀರು ಹಾಕಿ ಕುದಿಸುವವರು. "ನಾಳೆ ಬರ್ತೇನವಾ, ಒಂದ ವಾರ ಇರಬೇಕಂತ ಮಾಡೇನಿ" ಎಂದರು. ಭಾವನೆಗಳನ್ನು ಬಚ್ಚಿಡಬಾರದು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಊರಿಗೆಲ್ಲ ಕಲಿಸಿದ ನಾನು, "ಅಯ್ಯ, ಬರ್ರಿ ಅಕ್ಕಾರ, ಭಾಳ ಖುಷಿ ಆತು!" ಎಂದೆ. ಫೋನು ಇಟ್ಟು, ಕಣ್ಣು ಮುಚ್ಚಿ, ಆ ಖುಷಿ ಮೈಯಲ್ಲಿ ಎಲ್ಲಿದೆ ಎಂದು ಹುಡುಕಿದೆ. ಮೊದಲು ಹೊಟ್ಟೆಯಲ್ಲಿತ್ತು, ಅಲ್ಲಿಂದ ಬಲಭುಜಕ್ಕೆ ಹತ್ತಿ, ಮೆಲ್ಲಗೆ ಮುಷ್ಟಿಗೆ ಇಳಿಯಿತು. ನನ್ನ ಮೈದುನನ ಹೆಂಡತಿಗೆ ಈಗ ದಿನ ತುಂಬಿವೆ. ಗಂಡಾಗಲಿ ಹೆಣ್ಣಾಗಲಿ, ಆ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಬೇಕಾದವರು ಹುಕ್ಕೇರಿಯ ಅಕ್ಕಾರೇ. ನಾನೀಗ ಆ ಬಸುರಿಗೆ ದಿನಾಲು ಎರಡು ಹೊತ್ತು ಫೋನು ಮಾಡಿ, ಊಟ ಮಾಡಿದೆಯಾ, ಮಲಗಿದೆಯಾ, ಯಾವತ್ತು ಅಂತ ಹೇಳಿದ್ದಾರೆ ಡಾಕ್ಟರು ಎಂದು ವಿಚಾರಿಸುತ್ತಿದ್ದೇನೆ. ನನ್ನಂಥ ಅಂತಃಕರಣದ ನೆಗೆಣ್ಣಿ ಯಾರಿಗೂ ಸಿಕ್ಕಿಲ್ಲವೆಂದು ಅವಳು ಕಂಡ ಕಂಡವರ ಮುಂದೆ ಹೊಗಳುತ್ತಿದ್ದಾಳಂತೆ.